ಪೇಷೆಂಟ್ ಕಡೆಯವರು

ಲೀನಾಳ ಎಡ ಹಿಮ್ಮಡಿಯ ಕೆಳಗಿದ್ದ ಕರಿ ಮಚ್ಚೆಯನ್ನು ಮೊದಲು ಕಂಡವಳು ದಾಸಮ್ಮ. ಕಂಡ ಮೇಲೆ ಸುಮ್ಮನಿರುವ ಹೆಂಗಸಲ್ಲ ಅವಳು. ಜಗಲಿಯ ಮೇಲೆ ಕಾಲು ಚಾಚಿ ಕಡಲೆಕಾಯಿ ಬಿಡಿಸುತ್ತಿದ್ದ ಹುಡುಗಿಯ ಪಾದವನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ನೋಡಿದಳು.

“ಮುಳ್ಳು ಚುಚ್ಕೊಂಡು ಒಳಗೇ ಬುಟ್ಟಿದ್ದೀಯ ಕಣಮ್ಮ ಲೀನಮ್ಮ. ಹೆಂಗೆ ಕರ್ರಗಾಗೈತೆ ನೋಡು. ಗಂಗಾ, ಒಂದು ಪಿನ್ನು ತಾರಮ್ಮ.”

ಪಿನ್ನು ಬಂತು, ಮುಳ್ಳು ಬರಲಿಲ್ಲ. ಮಾರನೆಯ ದಿನ ಎಕ್ಕದ ಹಾಲು ಹಚ್ಚಿದ್ದಾಯಿತು. ಅದರ ಮಾರನೆಯ ದಿನ ಸುಣ್ಣ ಬೆಲ್ಲ ಕಲಸಿ ಕಟ್ಟಿದ್ದಾಯಿತು. ಮಚ್ಚೆ ಯಾವುದಕ್ಕೂ ಜಗ್ಗದೆ ಕೂತೇ ಇತ್ತು.

ಲೀನಾ ಇಲ್ಲಿಯವಳಲ್ಲ. ಯುರೋಪಿನ ಮೇಲ್ಗಡೆ ಲಿಥುವೇನಿಯ ಎಂಬ ದೇಶವಿದೆ, ಅಲ್ಲಿಯವಳು. ಆ ಹೆಸರು ದಾಸಮ್ಮನ ನಾಲಿಗೆಗೆ ಒಗ್ಗಲಿಲ್ಲವಾಗಿ ಅವಳು ಕೇಳಿದವರಿಗೆಲ್ಲ “ಇಮಾನದ ಕಡೆಯೋಳು” ಎಂದಷ್ಟೇ ಹೇಳಿ ಮುಗಿಸುತ್ತಿದ್ದಳು. ಸೋಲಾರ್ ಕರೆಂಟಿನ ಕಂಪನಿಗೆ ಜಮೀನು ಕೊಟ್ಟ ಮನೆಗಳಲ್ಲಿ ಹೆಂಗಸರ ಬದುಕು ಹೇಗೆ ಬದಲಾಯಿತೆಂದು ಬರೆಯಲು ಲೀನಾ ಬಲಸಮುದ್ರಕ್ಕೆ ಬಂದು ಐದು ತಿಂಗಳಾಗಿತ್ತು. ಮಹಡಿಯ ಮೇಲಿನ ಒಂದೇ ಕೋಣೆಯಲ್ಲಿ ಅವಳ ವಾಸ, ಕೆಳಗೆ ಗಂಗಾಂಬಿಕಾ ಮತ್ತು ಅವಳ ಅತ್ತೆ ದಾಸಮ್ಮ. ಗಂಗಾಂಬಿಕಾ ವೈ.ಎನ್.ಹೊಸಕೋಟೆಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು. ಹತ್ತೊಂಬತ್ತು ವರ್ಷದಿಂದ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವಳಿಗೆ, ಆ ಭಾಷೆಯಲ್ಲಿ ಮನಸ್ಸು ಬಿಚ್ಚಿ ಮಾತಾಡುವ ಒಂದು ಜೀವ ಸಿಕ್ಕಿದ್ದು ಇದೇ ಮೊದಲು. ಲೀನಾ ಅವಳನ್ನು ‘ಗಂಗಕ್ಕ’ ಎನ್ನುತ್ತಿದ್ದಳು. ಉಳಿದ ಮಾತೆಲ್ಲ ಇಂಗ್ಲಿಷು. ಬುದ್ಧನ ಪಟದ ಕೆಳಗೆ ಕೂತು ಇಬ್ಬರೂ ಗಂಟೆಗಟ್ಟಲೆ ಹರಟುವಾಗ ದಾಸಮ್ಮ, “ಏಮಿಟೋ ಇಬ್ರೂ ಕೊಕ್ಕೊಕ್ಕೊ ಅಂತೀರಮ್ಮ, ನಂಗೂ ಒಸಿ ಹೇಳಿ” ಎಂದು ರೇಗುತ್ತಿದ್ದಳು.

ಎಕ್ಕದ ಹಾಲಿಗೂ ಬಗ್ಗದ ಮಚ್ಚೆಯನ್ನು ಲೀನಾ ಕನ್ನಡಿ ಹಿಡಿದು ನೋಡಿಕೊಂಡಳು. ಅಂಚು ಸರಿಯಾಗಿಲ್ಲ, ದೊಡ್ಡದಾಗುತ್ತಿದೆ ಎಂದಳು. ತಮ್ಮ ದೇಶದಲ್ಲಿ ಇಂಥದ್ದನ್ನು ಅಲಕ್ಷ್ಯ ಮಾಡುವುದಿಲ್ಲ ಎಂದಳು.

“ಗಂಗಕ್ಕ, ನನಗೊಬ್ಬ ಇಂಗ್ಲಿಷ್ ಮಾತಾಡುವ ಚರ್ಮದ ಡಾಕ್ಟರು ಬೇಕು.”

“ನಾನಿಲ್ಲವೇ? ಯಾವ ಡಾಕ್ಟರು ಏನು ಹೇಳಿದರೂ ನಾನು ನಿನಗೆ ಹೇಳುತ್ತೇನೆ,” ಎಂದಳು ಗಂಗಾಂಬಿಕಾ. ಸಣ್ಣದೊಂದು ಮುನಿಸೂ ಬಂದಿತ್ತು ಅವಳಿಗೆ.

“ನಿಮ್ಮ ಇಂಗ್ಲಿಷ್ ನನಗಿಂತ ಚೆನ್ನಾಗಿದೆ. ಅದಲ್ಲ. ಕಾಲು ನನ್ನದು. ಅದರ ಸುದ್ದಿ ಮೊದಲು ನನ್ನ ಕಿವಿಗೆ ಬೀಳಬೇಕು. ಅಷ್ಟೇ ನನ್ನ ಆಸೆ.”

ಇದೆಂಥ ಆಸೆಯಪ್ಪ ಎನ್ನಿಸಿತು ಗಂಗಾಂಬಿಕಾಳಿಗೆ. ಇರಲಿ, ಪರದೇಶದ ಹುಡುಗಿ, ಅವರ ರೀತಿಯೇ ಬೇರೆ ಎಂದುಕೊಂಡು ಹುಡುಕಲು ಹೊರಟಳು.

ಹೊರಟ ಮೇಲೆ ಗೊತ್ತಾಯಿತು, ಈ ಸೀಮೆಯಲ್ಲಿ ಚರ್ಮದ ಕಾಯಿಲೆಗಳಿಗೆ ಬರವಿಲ್ಲ, ಚರ್ಮದ ಡಾಕ್ಟರಿಗೇ ಬರ. ಪಾವಗಡದಲ್ಲಿ ಒಬ್ಬರು ಗುರುವಾರ ಗುರುವಾರ ಆಂಧ್ರದ ಕಡೆಯಿಂದ ಬರುತ್ತಿದ್ದರು. ಬಾಗಿಲಲ್ಲಿ ಚೀಟಿ ಬರೆಯುವವನನ್ನು ಗಂಗಾಂಬಿಕಾ ವಿಚಾರಿಸಿದಳು. “ಡಾಕ್ಟ್ರಿಗೆ ಇಂಗ್ಲಿಷ್ ಬರ್ದೆ ಇರ್ತದಾ ಮೇಡಂ? ಬರಿಯೋದೆಲ್ಲ ಇಂಗ್ಲಿಷೇ. ಮಾತಾಡೋದು ಮಾತ್ರ ತೆಲುಗು” ಎಂದ ಅವನು. ಒಳಗೆ ಹೋದರೆ ಹಾಗೇ ಆಯಿತು. ಲೀನಾ ಕೇಳಿದ ಮೂರು ಪ್ರಶ್ನೆಗೆ ಡಾಕ್ಟರು ಮೂರು ಸಲ ನಕ್ಕು, ಗಂಗಾಂಬಿಕಾಳ ಕಡೆ ತಿರುಗಿ ತೆಲುಗಿನಲ್ಲಿ ಉತ್ತರ ಕೊಟ್ಟರು. ಆಣಿ ಇರಬಹುದು, ಮುಲಾಮು ಹಚ್ಚಿ.

ಮುಲಾಮು ಮುಗಿಯಿತು. ಸಿರಾಕ್ಕೆ ಹೋದರು. ಅಲ್ಲಿನ ಡಾಕ್ಟರು ಕನ್ನಡ, ಉರ್ದು ಎರಡರಲ್ಲೂ ಪಟಪಟ ಮಾತಾಡುತ್ತಿದ್ದರು, ಹೊರಗೆ ಎಪ್ಪತ್ತು ಜನ ಕಾಯುತ್ತಿದ್ದರು. ಲೀನಾ ಬೂಟು ಬಿಚ್ಚಿ ಮುಗಿಸುವಷ್ಟರಲ್ಲಿ ಚೀಟಿ ಬರೆದಾಗಿತ್ತು. ಆ ಕೋಣೆಯಲ್ಲಿ ಅವಳ ಕಿವಿಗೆ ಬಿದ್ದ ಇಂಗ್ಲಿಷ್ ಪದ ಒಂದೇ, ನೆಕ್ಸ್ಟ್. ಬಸ್ಸಿನಲ್ಲಿ ಅವಳು ಅದನ್ನೇ ಹೇಳಿ ಹೇಳಿ ನಕ್ಕಳು. ನಗುವಾಗಲೂ ಬೆರಳು ಹಿಮ್ಮಡಿಯ ಮೇಲೇ ಇತ್ತು.

ಕೊರಟಗೆರೆಯಲ್ಲಿ ಒಬ್ಬರು ಅಮೆರಿಕದಲ್ಲಿ ಓದಿ ಬಂದವರಿದ್ದಾರೆಂದು ಸ್ಕೂಲಿನಲ್ಲಿ ಯಾರೋ ಹೇಳಿದರು. ಮೂರು ಬಸ್ಸು ಬದಲಾಯಿಸಿ ಹೋದರೆ ಷಟರ್ ಎಳೆದಿತ್ತು. ಪಕ್ಕದ ಅಂಗಡಿಯಲ್ಲಿ ಹೂವು ಕಟ್ಟುತ್ತಿದ್ದ ಹೆಂಗಸು, “ಡಾಕ್ಟ್ರು ಮದ್ವೆಗೋಗವ್ರೆ ಕಣಮ್ಮ. ಅವ್ರು ಓದಿದ್ದು ಅಮೆರಿಕಾನೂ ಅಲ್ಲ ಎಂಥದ್ದೂ ಅಲ್ಲ. ಇಂಗ್ಲಿಷೇ ಬೇಕು ಅಂದ್ರೆ ಮಧುಗಿರಿಯಾಗೆ ಶಂಕರಲಿಂಗಪ್ಪೋರು ಅವ್ರೆ, ರಿಟೈರಾಗವ್ರೆ, ಇಂಗ್ಲಿಷ್ನಾಗೇ ಬೈತಾರೆ” ಎಂದಳು.

ಹೀಗೆ ಅಲೆಯುವುದರಲ್ಲೇ ಒಂದು ತಿಂಗಳು ಕಳೆದು, ಡಿಸೆಂಬರಿನ ಮೊದಲ ಶನಿವಾರ ಮಧುಗಿರಿಗೆ ಹೋದರು. ಕಡಲೆಕಾಳಿನಷ್ಟಿದ್ದ ಮಚ್ಚೆ ಅಷ್ಟರಲ್ಲಿ ಅವರೆಕಾಳಿನಷ್ಟಾಗಿತ್ತು.

ಡಾಕ್ಟರ್ ಶಂಕರಲಿಂಗಪ್ಪನವರು ಬಿಳಿ ಮೀಸೆಯ, ಇಸ್ತ್ರಿ ಅಂಗಿಯ ಮನುಷ್ಯ. ಲೀನಾಳನ್ನು ಕಂಡದ್ದೇ ಎದ್ದು ನಿಂತು ಕೈಕುಲುಕಿ, ಇಂಗ್ಲಿಷಿನಲ್ಲಿ ಅವಳ ದೇಶದ ಚಳಿ ವಿಚಾರಿಸಿದರು, ಅವಳ ಓದು ವಿಚಾರಿಸಿದರು, ನಮ್ಮ ಖಾರ ಹೊಟ್ಟೆಗೆ ಹಿಡಿಯಿತೇ ಎಂದು ಕೇಳಿದರು. ಲೀನಾಳ ಮುಖ ಅರಳಿತು. ಕೊನೆಗೂ ಸಿಕ್ಕರಲ್ಲ ಎಂದು ಗಂಗಾಂಬಿಕಾಳಿಗೂ ಸಮಾಧಾನವಾಯಿತು. ಆಮೇಲೆ ಡಾಕ್ಟರು ಪಾದವನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರು. ನೋಡುತ್ತಾ ನೋಡುತ್ತಾ ಅವರ ಮಾತು ನಿಂತಿತು.

“ಡಾಕ್ಟರ್, ಇದು ಕೆಟ್ಟದ್ದೇ?” ಲೀನಾ ನೇರವಾಗಿ ಕೇಳಿದಳು.

“ನಥಿಂಗ್ ಟು ವರಿ, ಮೈ ಡಿಯರ್. ನೋಡೋಣ. ನಿಮ್ಮ ಅಕ್ಕನಿಗೆ ಎಲ್ಲ ವಿವರವಾಗಿ ಹೇಳುತ್ತೇನೆ,” ಎಂದು ಇಂಗ್ಲಿಷಿನಲ್ಲೇ ಹೇಳಿ, ಅವಳು ಮತ್ತೆ ಕೇಳುವಷ್ಟರಲ್ಲಿ ನರ್ಸನ್ನು ಕರೆದು ಪಟ್ಟಿ ಕಟ್ಟಿಸಲು ಅವಳನ್ನು ಆಚೆ ಕೋಣೆಗೆ ಕಳಿಸಿದರು. ಬಾಗಿಲು ಮುಚ್ಚಿದ ಮೇಲೆ ಕನ್ನಡಕ್ಕೆ ಬಂದರು.

“ಪೇಷೆಂಟ್ ಕಡೆಯವರು ನೀವೇ ತಾನೆ?”

“ಹೌದು ಸಾರ್. ಅಂದ್ರೆ, ನಮ್ಮನೇಲಿ ಇರ್ತಾಳೆ.”

“ನೋಡಿ ಮೇಡಂ, ಮೂವತ್ತೈದು ವರ್ಷದ ಸರ್ವೀಸಲ್ಲಿ ಇಂಥದ್ದು ನಾಕೈದು ನೋಡಿದೀನಿ. ಇದು ಮುಳ್ಳೂ ಅಲ್ಲ, ಆಣಿನೂ ಅಲ್ಲ. ಚರ್ಮದ ಕ್ಯಾನ್ಸರ್ ಅಂತ ಕಾಣ್ಸುತ್ತೆ. ಬೆಂಗಳೂರಲ್ಲಿ ಒಂದು ಚೂರು ತೆಗೆದು ಟೆಸ್ಟ್ ಮಾಡಿಸ್ಬೇಕು, ಲೆಟರ್ ಕೊಡ್ತೀನಿ. ನನ್ನ ಅಂದಾಜಲ್ಲಿ ಇನ್ನೂ ಮೇಲ್ಗಡೇನೇ ಇದೆ. ಈ ತಿಂಗಳೊಳಗೆ ತೆಗೆಸಿಬಿಟ್ರೆ ಪ್ರಾಣಕ್ಕೇನೂ ಭಯ ಇಲ್ಲ. ಬಿಟ್ರೆ ಕೈಮೀರುತ್ತೆ.”

ಗಂಗಾಂಬಿಕಾಳ ಕಿವಿಗೆ ಬಿದ್ದದ್ದು ಅದರಲ್ಲಿ ಒಂದೇ ಪದ. ಮಿಕ್ಕದ್ದೆಲ್ಲ ಬಸ್‌ಸ್ಟ್ಯಾಂಡಿನ ಗದ್ದಲದ ಹಾಗೆ ಆಚೆಯೇ ಉಳಿಯಿತು. ಮೂರು ವರ್ಷದ ಹಿಂದೆ ತುಮಕೂರಿನ ಒಂದು ಕೋಣೆಯಲ್ಲಿ, ಇದೇ ಥರ ಬಾಗಿಲು ಮುಚ್ಚಿಕೊಂಡು, ಬೇರೆ ಡಾಕ್ಟರೊಬ್ಬರು ಇದೇ ಪದ ಹೇಳಿದ್ದರು. ಆಗ ಆಚೆ ಕೋಣೆಯಲ್ಲಿದ್ದವನು ಅವಳ ಗಂಡ ಭೀಮರಾಜು.

“ಅವಳಿಗೆ ಹೇಳ್ಬೇಕಾ ಸಾರ್?”

“ಎದುರಿಗೆ ಕೂರಿಸ್ಕೊಂಡು ಹೇಳೋ ಅಭ್ಯಾಸ ನನಗಿಲ್ಲಮ್ಮ. ಹೆಣ್ಣುಮಗು, ಊರಲ್ಲದ ಊರು. ಎದೆ ಒಡ್ಕೊಂಡ್ಬಿಡುತ್ತೆ. ನೀವು ನಿಧಾನವಾಗಿ ಒಳ್ಳೆ ಮಾತಲ್ಲಿ ಹೇಳಿ, ಕರ್ಕೊಂಡು ಹೋಗಿ.” ಬೆಂಗಳೂರಿನ ಡಾಕ್ಟರಿಗೆ ಒಂದು ಪತ್ರ ಬರೆದು, ಲಕೋಟೆಗೆ ಅಂಟು ಹಾಕಿ ಕೊಟ್ಟರು. ಗಂಗಾಂಬಿಕಾ ಅದನ್ನು ವ್ಯಾನಿಟಿ ಬ್ಯಾಗಿನ ಒಳಜೇಬಿಗೆ ಸೇರಿಸಿದಳು.

ಹೇಳಬಾರದೆಂದು ಅವಳು ತೀರ್ಮಾನ ಮಾಡಿರಲಿಲ್ಲ. ಗಂಗಾಂಬಿಕಾಳ ಪರವಾಗಿ ಇಷ್ಟಾದರೂ ಹೇಳಲೇಬೇಕು. ಬಸ್‌ಸ್ಟ್ಯಾಂಡಿನ ತನಕ ನಡೆಯುವಾಗಲೂ ವಾಕ್ಯ ಕೂಡಿಸುತ್ತಲೇ ಇದ್ದಳು. ಬೆಟ್ಟದ ನೆರಳಿನಲ್ಲಿ ಒಂದು ಕಲ್ಲುಬೆಂಚಿನ ಮೇಲೆ ಲೀನಾ ಕೂತು, ಪಟ್ಟಿ ಕಟ್ಟಿದ ಕಾಲನ್ನು ಮುಂದೆ ಚಾಚಿ, “ಹೇಳಿ ಗಂಗಕ್ಕ. ಅವರು ಹೇಳಿದ್ದನ್ನು ಹಾಗೇ ಹೇಳಿ” ಎಂದು ಮುಖ ನೋಡಿದಳು. ಅವಳ ಬೆರಳು ಪಟ್ಟಿಯ ಅಂಚನ್ನೇ ಕೀಳುತ್ತಿತ್ತು. ತುಟಿಯ ಬಣ್ಣ ಹೋಗಿತ್ತು. ಇಪ್ಪತ್ತೊಂಬತ್ತು ವರ್ಷದ ಹುಡುಗಿ, ಹೆತ್ತವಳು ಏಳು ಸಾವಿರ ಕಿಲೋಮೀಟರು ಆಚೆ. ಇಂಥ ಜೀವದ ತಲೆಯ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಬಂಡೆ ಎತ್ತಿ ಹಾಕಲು ಗಂಗಾಂಬಿಕಾಳಿಗೆ ಕೈ ಬರಲಿಲ್ಲ.

“ಮುಳ್ಳು ಚುಚ್ಚಿ ಒಳಗೆ ರಕ್ತ ಹೆಪ್ಪುಗಟ್ಟಿದೆಯಂತೆ. ಹಳೇ ರಕ್ತ. ಮುಂದೆ ಯಾವಾಗಲಾದರೂ ಒಂದು ಸಣ್ಣ ಆಪರೇಷನ್ ಮಾಡಿ ತೆಗೆಸಿದರೆ ಸಾಕಂತೆ.”

ವ್ಯಾಕರಣದ ಒಂದು ತಪ್ಪೂ ಇಲ್ಲದ ಇಂಗ್ಲಿಷಿನಲ್ಲಿ ಬಂತು ಸುಳ್ಳು.

ಲೀನಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ನಕ್ಕಳು. ಗಂಗಾಂಬಿಕಾಳನ್ನು ಬಸ್‌ಸ್ಟ್ಯಾಂಡಿನ ಜನವೆಲ್ಲ ನೋಡುವ ಹಾಗೆ ತಬ್ಬಿಕೊಂಡು, ಒಂದು ತಿಂಗಳಿಂದ ನಿದ್ದೆ ಮಾಡಿಲ್ಲ ಎಂದಳು. ಓಡಿಹೋಗಿ ಬಿಸಿ ಕಡಲೆಕಾಯಿ ತಂದು ಪೊಟ್ಟಣ ಬಿಚ್ಚಿ, “ತಿನ್ನಿ, ತಿನ್ನಿ” ಎಂದು ಕನ್ನಡದಲ್ಲಿ ಒತ್ತಾಯ ಮಾಡಿದಳು. ಕೊಟ್ಟ ಸಂತೋಷವನ್ನು ಕಿತ್ತುಕೊಳ್ಳುವುದು ಕೊಡುವಷ್ಟು ಸುಲಭವಲ್ಲ. ಗಂಗಾಂಬಿಕಾ ಕಡಲೆಕಾಯಿ ತಿಂದಳು.

ಮನೆಗೆ ಬಂದು ಲಕೋಟೆಯನ್ನು ಬೀರುವಿನಲ್ಲಿ ಬಚ್ಚಿಟ್ಟು ಅತ್ತೆಗೆ ನಿಜ ಹೇಳಿದಳು. ದಾಸಮ್ಮ ತಲೆಯ ಮೇಲೆ ಕೈ ಹೊತ್ತು ಕೂತಳು. 

“ಒಳ್ಳೇದ್ ಮಾಡ್ದೆ ಬುಡು. ರೋಗದ ಹೆಸ್ರು ಕಿವಿಗ್ ಬಿದ್ರೆ ಅರ್ಧ ಪ್ರಾಣ ಅಲ್ಲೇ ಹೋಯ್ತದೆ. ನನ್ ಮಗನ್ಗೆ ಹೇಳಿದ್ವಾ? ಎಂಟು ತಿಂಗ್ಳು ನಗ್ತಾ ನಗ್ತಾ ಇದ್ದು ಹೋದ. ಹೇಳಿದ್ದಿದ್ರೆ ಎಂಟು ದಿನಾನೂ ಇರ್ತಿರ್ಲಿಲ್ಲ ಕಣಮ್ಮ.”

ನಿಜವೇ. ಭೀಮರಾಜು ಹೋಗುವ ಹಿಂದಿನ ವಾರ ಕೂಡ ಹೊಸ ಬೈಕಿನ ಮಾತಾಡುತ್ತಿದ್ದ. ಆ ಎಂಟು ತಿಂಗಳು ಗಂಡನಿಗೆ ತಾನು ಕೊಟ್ಟ ದಾನವೆಂದೇ ಗಂಗಾಂಬಿಕಾ ನಂಬಿದ್ದಳು. ಆದರೆ ಭೀಮರಾಜುವನ್ನು ಡಾಕ್ಟರು ಮನೆಗೆ ಕಳಿಸಿದ್ದರು, ಲೀನಾಳನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ಎಂದಿದ್ದರು. ಈ ವ್ಯತ್ಯಾಸ ಅತ್ತೆಗೆ ಹೊಳೆಯಲಿಲ್ಲ, ಸೊಸೆಗೆ ಹೊಳೆದರೂ ಅವಳು ಅದರ ಮುಖ ನೋಡಲಿಲ್ಲ.

“ಹಂಗಂತ ಸುಮ್ನಿರಂಗಿಲ್ಲ. ಅವ್ರಮ್ಮಂಗೆ ಹೇಳು. ಮನೆಯೋರಿಗೆ ಹೇಳೋದು ಧರ್ಮ,” ಎಂದಳು ದಾಸಮ್ಮ.

ಅದೂ ಸರಿ ಎನ್ನಿಸಿತು. ಈ ಕಡೆ ರೀತಿಯೇ ಅದು. ಕಾಯಿಲೆಯವರಿಗೆ ಹೇಳಬಾರದು, ಅವರ ಮನೆಯವರಿಗೆ ಹೇಳದೆ ಇರಬಾರದು. ಆಮೇಲೆ ಕರೆದುಕೊಂಡು ಹೋಗುವುದು, ಬಿಡುವುದು ಮನೆಯವರಿಗೆ ಬಿಟ್ಟದ್ದು. ಹಬ್ಬದ ಫೋಟೋ ಕಳಿಸಬೇಕು ಎಂದು ನೆಪ ಹೇಳಿ ಗಂಗಾಂಬಿಕಾ ತಾಯಿಯ ನಂಬರು ತೆಗೆದುಕೊಂಡಳು. ಮುಂದಿನ ಭಾನುವಾರ ಲೀನಾ ಯಾರದೋ ಮನೆಗೆ ಪ್ರಶ್ನೆ ಕೇಳಲು ಹೋದಾಗ ವಿಡಿಯೋ ಕಾಲ್ ಮಾಡಿದಳು.

ಪರದೆಯ ಮೇಲೆ ಕೆಂಪು ಗಲ್ಲದ ದಪ್ಪನೆಯ ಹೆಂಗಸು ಬಂದಳು. ಅಡುಗೆಮನೆ. ಕಿಟಕಿಯಾಚೆ ಬೆಳ್ಳಗೆ ಹಿಮ. ಗಂಗಾಂಬಿಕಾ ನಿಧಾನವಾಗಿ, ಒಂದೊಂದೇ ಪದ ಬಿಡಿಸಿ, ಎಂಟನೇ ಕ್ಲಾಸಿನ ಮಕ್ಕಳಿಗೆ ಹೇಳುವ ಹಾಗೆ ಇಂಗ್ಲಿಷಿನಲ್ಲಿ ಶುರು ಮಾಡಿದಳು. ಆ ತಾಯಿ ತಲೆಯಾಡಿಸಿ ನಕ್ಕು, ಕೈಯಲ್ಲಿದ್ದ ಆಲೂಗಡ್ಡೆ ತೋರಿಸಿದಳು. ಆಕೆಗೆ ಇಂಗ್ಲಿಷಿನ ಗಂಧಗಾಳಿಯೂ ಇರಲಿಲ್ಲ. ಗಂಗಾಂಬಿಕಾ ದನಿ ಏರಿಸಿದಳು, ದನಿ ಏರಿಸಿದರೆ ಭಾಷೆ ಬರುತ್ತದೆಯೇ? ಬೇರೆ ದಾರಿ ಕಾಣದೆ ತನ್ನ ಎಡಗಾಲನ್ನೇ ಎತ್ತಿ ಕ್ಯಾಮೆರಾಕ್ಕೆ ಹಿಡಿದು ಹಿಮ್ಮಡಿಯನ್ನು ಬೆರಳಿನಿಂದ ತೋರಿಸಿದಳು. ತಾಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಇದು ಯಾವುದೋ ತಮಾಷೆಯೆಂದುಕೊಂಡು ತನ್ನ ಕಾಲನ್ನೂ ಎತ್ತಿ, ಉಣ್ಣೆಯ ಕಾಲುಚೀಲ ತೋರಿಸಿದಳು. ಆಮೇಲೆ ನಗು ನಿಲ್ಲಿಸಿ, “ಲೀನಾ, ಲೀನಾ” ಎನ್ನುತ್ತಾ ಎದೆಯ ಮೇಲೆ ಕೈಯಿಟ್ಟುಕೊಂಡು, ಕಣ್ಣು ಒರೆಸಿಕೊಂಡು, ಭಾರತದವರು ಮಾಡುವುದು ಹೀಗೆಂದು ಮಗಳಿಂದ ಕಲಿತಿದ್ದಳೋ ಏನೋ, ಎರಡೂ ಕೈ ಜೋಡಿಸಿದಳು. ನನ್ನ ಮಗಳನ್ನು ನೋಡಿಕೊಳ್ಳುತ್ತಿದ್ದೀಯಲ್ಲ ಎಂಬ ಕೃತಜ್ಞತೆ ಅದು. ಅದಕ್ಕೆ ಯಾವ ಭಾಷೆಯೂ ಬೇಕಿರಲಿಲ್ಲ. ಗಂಗಾಂಬಿಕಾ ಫೋನು ಕಟ್ ಮಾಡಿ ಹಿತ್ತಲಿಗೆ ಹೋಗಿ ಅತ್ತಳು.

ಫೋನೇ ಯಾವ ಭಾಷೆಗಾದರೂ ತಿರುಗಿಸಿಕೊಡುತ್ತದೆಂದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ಸ್ಕೂಲಿನ ಮಕ್ಕಳು ಹೋಮ್‌ವರ್ಕನ್ನೇ ಹಾಗೆ ಮಾಡಿ ತರುತ್ತಾರೆ. ಎರಡು ಸಲ ಬರೆದಳು. ಆ ಅಕ್ಷರಗಳನ್ನು ಓದುವಾಗ ಆ ಕೆಂಪು ಗಲ್ಲ ಏನಾಗಬಹುದೆಂದು ನೆನೆದು ಎರಡು ಸಲವೂ ಅಳಿಸಿದಳು. ಮಿಷನ್ನಿನ ಕೈಯಲ್ಲಿ ಇಂಥ ಸುದ್ದಿ ಕಳಿಸಬಾರದು ಎಂದು ತನಗೇ ಸಮಜಾಯಿಷಿ ಹೇಳಿಕೊಂಡಳು.

ಆಮೇಲೆ ಶುರುವಾಯಿತು ಅವಳ ನರಕ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ. ಪರೀಕ್ಷೆ ಮುಗಿಯಲಿ, ಸಂಕ್ರಾಂತಿ ಕಳೆಯಲಿ. ಒಂದು ದಿನ ಉಪಾಯ ಮಾಡಿ, “ಬೆಂಗಳೂರಿಗೆ ಹೋಗಿ ಸೀರೆ ತರೋಣ ಬಾ, ಹಾಗೇ ಅಲ್ಲೊಂದು ಸಲ ಕಾಲೂ ತೋರಿಸೋಣ” ಎಂದಳು. ಲೀನಾ ನಕ್ಕುಬಿಟ್ಟಳು. “ಹಳೇ ರಕ್ತಕ್ಕೆ ಬೆಂಗಳೂರು ಯಾಕೆ ಗಂಗಕ್ಕ? ಮಾರ್ಚಿನಲ್ಲಿ ಊರಿಗೆ ಹೋದಾಗ ತೆಗೆಸುತ್ತೇನೆ.” ತಾನೇ ಹೆಣೆದ ಬಲೆಗೆ ತಾನೇ ಬಿದ್ದ ಹಾಗಾಯಿತು. ಬಲವಂತ ಮಾಡಿದರೆ ಯಾಕೆ ಎಂದು ಕೇಳುತ್ತಾಳೆ, ಯಾಕೆ ಎಂದರೆ ಹೇಳಬೇಕು, ಹೇಳಿದರೆ ಅಂದು ಸುಳ್ಳು ಹೇಳಿದೆ ಎಂದೂ ಹೇಳಬೇಕು. ದಿನ ಕಳೆದಂತೆಲ್ಲ ಕಾಯಿಲೆಯ ಹೆಸರಿಗಿಂತ ಸುಳ್ಳೇ ದೊಡ್ಡದಾಗುತ್ತಾ ಹೋಯಿತು. ಅವಳು ಮೊದಮೊದಲು ಹೆದರಿದ್ದು ಲೀನಾ ಎದೆ ಒಡೆದುಕೊಂಡಾಳೆಂದು. ಈಗ ಹೆದರುತ್ತಿದ್ದದ್ದು ಲೀನಾ ತನ್ನನ್ನು ಹೇಗೆ ನೋಡುತ್ತಾಳೋ ಎಂದು. ಅದು ಅವಳಿಗೇ ಗೊತ್ತಿತ್ತು, ಅದಕ್ಕೇ ತನ್ನ ಮೇಲೆ ತನಗೇ ಅಸಹ್ಯವಾಗುತ್ತಿತ್ತು.

ಆ ದಿನಗಳಲ್ಲೇ ಲೀನಾ ಬಹಳ ಖುಷಿಯಾಗಿದ್ದದ್ದು. ಸೆರಗು ಸಿಕ್ಕಿಸಿ ದಾಸಮ್ಮನ ಜೊತೆ ರಾಗಿಮುದ್ದೆ ತಿರುವಿದಳು, ತೆಲುಗಿನ ನಾಲ್ಕು ಬೈಗುಳ ಕಲಿತಳು. ಕುಂಟುತ್ತಲೇ ಸೋಲಾರಿನ ಬೇಲಿಯ ಉದ್ದಕ್ಕೂ ನಡೆದು ಮನೆ ಮನೆ ತಿರುಗಿದಳು. ಊರಿನವರು, “ನಮ್ ಗಂಗಾ ಟೀಚರು ಆ ಹುಡ್ಗೀನ ಸ್ವಂತ ತಂಗಿ ಹಂಗೆ ನೋಡ್ಕಂಡವ್ರೆ” ಎಂದು ಹೊಗಳಿದರು. ಹೊಗಳಿಕೆ ಕೇಳಿದಾಗಲೆಲ್ಲ ಗಂಗಾಂಬಿಕಾಳಿಗೆ ಅನ್ನ ಸೇರುತ್ತಿರಲಿಲ್ಲ.

ಜನವರಿಯ ಕೊನೆಯಲ್ಲಿ ಒಂದು ಬೆಳಿಗ್ಗೆ ಲೀನಾ ಟವೆಲ್ಲು ಸುತ್ತಿಕೊಂಡೇ ಅಡುಗೆಮನೆಗೆ ಬಂದಳು.

“ಗಂಗಕ್ಕ, ಇಲ್ಲಿ ಗಂಟಾಗಿದೆ.” ತೊಡೆಯ ಸಂದಿಯನ್ನು ತೋರಿಸಿದಳು. “ನೋವಿಲ್ಲ. ಕಲ್ಲಿನ ಹಾಗಿದೆ.”

ಗಂಗಾಂಬಿಕಾ ಒಲೆ ಆರಿಸಿದಳು. ಬೀರು ತೆಗೆದು, ಮದುವೆ ಸೀರೆಯ ಮಡಿಕೆಯೊಳಗಿಂದ ಆ ಲಕೋಟೆ ತೆಗೆದು ತಂದು ಅವಳ ಕೈಗೆ ಕೊಟ್ಟಳು.  ತಿರುಗಿಸಿ ಹೇಳುವ ಅಗತ್ಯವಿರಲಿಲ್ಲ. ಪತ್ರ ಇಂಗ್ಲಿಷಿನಲ್ಲೇ ಇತ್ತು. ಏಳೇ ಸಾಲು, ದುಂಡಗಿನ ಅಕ್ಷರ, ಮೇಲೆ ದಿನಾಂಕ, ಕೆಳಗೆ ಕಾಯಿಲೆಯ ಹೆಸರು, ಬೇಗ ಟೆಸ್ಟ್ ಮಾಡಿ ಎಂಬ ಕೋರಿಕೆ, ಅಷ್ಟೇ. ಲೀನಾ ಊರೂರು ಅಲೆದು ಹುಡುಕಿದ ಇಂಗ್ಲಿಷ್ ಡಾಕ್ಟರು ಹೇಳಬೇಕಾದ್ದನ್ನು ಬರೆದೇ ಕೊಟ್ಟಿದ್ದರು. ಅದು ಐವತ್ತು ದಿನಕ್ಕೂ ಮೇಲೆ ಸೀರೆಯ ಮಡಿಕೆಯಲ್ಲಿ ಮಲಗಿತ್ತು.

ಲೀನಾ ಎರಡು ಸಲ ಓದಿದಳು. ದಿನಾಂಕದ ಮೇಲೆ ಬೆರಳಿಟ್ಟು ಗಂಗಾಂಬಿಕಾಳನ್ನು ನೋಡಿದಳು.  ಮೇಲೆ ಹೋಗಿ ಬಟ್ಟೆ ಹಾಕಿಕೊಂಡು, ಬಾಡಿಗೆ ಕಾರು ಗೊತ್ತು ಮಾಡಿಕೊಂಡು ಒಬ್ಬಳೇ ಬೆಂಗಳೂರಿಗೆ ಹೋದಳು. ನಾನೂ ಬರುತ್ತೇನೆ ಎಂದು ಗಂಗಾಂಬಿಕಾ ಚಪ್ಪಲಿ ಮೆಟ್ಟಿ ಗೇಟಿನ ತನಕ ಓಡಿದಳು. “ಬೇಡ,” ಎಂದಳು ಲೀನಾ. ಅಷ್ಟೇ.

ಹನ್ನೊಂದು ದಿನ ಬಿಟ್ಟು, ತನ್ನ ಸಾಮಾನು ತೆಗೆದುಕೊಂಡು ಹೋಗಲು ಬಂದಳು. ಗುರುತು ಸಿಗದಷ್ಟು ಇಳಿದುಹೋಗಿದ್ದಳು. ಕ್ಯಾನ್ಸರ್ ತೊಡೆಯ ಗಂಟಿಗೂ ಹರಡಿತ್ತು, ಅಲ್ಲಿಂದ ಶ್ವಾಸಕೋಶಕ್ಕೂ ಇಳಿದಿತ್ತು. ಊರಿಗೆ ಹೋಗಿ ಔಷಧ ಮಾಡಿಸುತ್ತಾಳೆ, ಅದರಿಂದ ವಾಸಿಯಾಗುವುದು ಕಷ್ಟ, ಒಂದಿಷ್ಟು ಕಾಲ ಸಿಗಬಹುದು. ಬೆಂಗಳೂರಿನ ಡಾಕ್ಟರು ಇದನ್ನೆಲ್ಲ ಎದುರಿಗೆ ಕೂತು ಅವಳಿಗೇ ಹೇಳಿದ್ದರಂತೆ. ಅಂದೇ ಬಂದಿದ್ದರೆ ಎಂದು ಅವಳು ಕೇಳಿದ್ದಳು. ಅಂದೇ ಒಳಗೆ ಇಳಿದಿತ್ತೋ ಇಲ್ಲವೋ ಈಗ ಯಾರೂ ಹೇಳಲಾರರು ಎಂದಿದ್ದರಂತೆ. ಈ ಮಾತನ್ನು ಲೀನಾ ಸಮಾಧಾನಕ್ಕೆಂದು ಹೇಳಿದಳೋ ಏನೋ, ಗಂಗಾಂಬಿಕಾಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ಕೊಂದೆ ಎಂದು ಗೊತ್ತಾದರೆ ಅದಕ್ಕೊಂದು ಕೊನೆಯಾದರೂ ಇದೆ. ಕೊಂದೆನೋ ಇಲ್ಲವೋ ಎಂದು ಬದುಕಿರುವ ತನಕ ಕೇಳಿಕೊಳ್ಳಬೇಕಲ್ಲ.

ದಾಸಮ್ಮ ಹುಡುಗಿಯ ಎರಡೂ ಕೆನ್ನೆ ಸವರಿ, “ನಂದೇ ತಪ್ಪು ಕಣಮ್ಮ, ನಾನೇ ಬ್ಯಾಡ ಅಂದೆ” ಎಂದು ಗೋಳೋ ಎಂದು ಅತ್ತಳು. ಲೀನಾ ಮುದುಕಿಯ ಬೆನ್ನು ತಟ್ಟಿ ಸಮಾಧಾನ ಮಾಡಿದಳು. ಸಾಯುವ ಸುದ್ದಿ ಹೊತ್ತವಳು ಬದುಕಿರುವವರನ್ನು ಸಂತೈಸುವುದನ್ನು ನೋಡಲಾರದೆ ಗಂಗಾಂಬಿಕಾ ಮಹಡಿ ಹತ್ತಿ, ಪುಸ್ತಕ ಕಟ್ಟಿಡಲು ಕೂತಳು.

ಸ್ವಲ್ಪ ಹೊತ್ತಿಗೆ ಲೀನಾ ಮೇಲೆ ಬಂದು, ಮಂಚದ ಮೇಲೆ ಕೂತು ಬಟ್ಟೆ ಮಡಿಸತೊಡಗಿದಳು. ಮಧ್ಯಾಹ್ನದ ಬಿಸಿಲು ಕೋಣೆಯ ತುಂಬ ಇತ್ತು.

“ಗಂಗಕ್ಕ, ಒಂದು ಕೆಲಸ ಮಾಡಿಕೊಡಿ. ಮಧುಗಿರಿಯ ಡಾಕ್ಟರು ಅವತ್ತು ಬಾಗಿಲು ಮುಚ್ಚಿ ಏನು ಹೇಳಿದರೋ ಅದನ್ನು ನನಗೆ ಹೇಳಿ. ಮೊದಲು ಅವರ ಮಾತಿನಲ್ಲೇ, ಕನ್ನಡದಲ್ಲಿ. ಆಮೇಲೆ ಇಂಗ್ಲಿಷಿನಲ್ಲಿ. ಏನೂ ಬಿಡಬೇಡಿ.”

“ಈಗ ಯಾಕೆ ಲೀನಾ? ಎಲ್ಲ ಗೊತ್ತಾಗಿದೆಯಲ್ಲ.”

“ಅದು ನನ್ನದು. ನಿಮ್ಮ ಹತ್ತಿರ ಇದೆ. ವಾಪಸು ಕೊಡಿ.”

ಗಂಗಾಂಬಿಕಾ ಎದ್ದು ನಿಂತಳು. ಯಾಕೋ ಕೂತು ಹೇಳುವ ಮಾತಲ್ಲ ಎನ್ನಿಸಿತು. ಪೇಷೆಂಟ್ ಕಡೆಯವರು ನೀವೇ ತಾನೆ ಎಂದು ಕೇಳಿದ್ದನ್ನು ಹೇಳಿದಳು, ಇಂಗ್ಲಿಷಿಗೆ ತಿರುಗಿಸಿದಳು. ಮೂವತ್ತೈದು ವರ್ಷದ ಸರ್ವೀಸಿನ ಮಾತು ಹೇಳಿದಳು. ಮುಳ್ಳೂ ಅಲ್ಲ, ಆಣಿನೂ ಅಲ್ಲ. ಚರ್ಮದ ಕ್ಯಾನ್ಸರ್ ಅಂತ ಕಾಣ್ಸುತ್ತೆ. ಆ ಪದವನ್ನು ಅವಳು ಬಾಯಿಬಿಟ್ಟು ಲೀನಾಳ ಎದುರು ಹೇಳಿದ್ದು ಅದೇ ಮೊದಲ ಸಲ. ಹೇಳಿದರೆ ಭೂಮಿಯೇನೂ ಬಾಯಿಬಿಡಲಿಲ್ಲ. ಲೀನಾ ತಲೆಯಾಡಿಸುತ್ತಾ ಅಂಗಿ ಮಡಿಸುತ್ತಿದ್ದಳು. ಬೆಂಗಳೂರು, ಟೆಸ್ಟು, ಲೆಟರು ಎಲ್ಲ ಹೇಳಿದಳು. ಅಲ್ಲಿಗೆ ಮುಗಿಯಿತೆಂದುಕೊಂಡಳು. ಅಷ್ಟರಲ್ಲಿ ನಾಲಿಗೆಯ ತುದಿಗೆ, ತಾನು ಕೇಳಿಯೇ ಇಲ್ಲವೆಂದುಕೊಂಡಿದ್ದ ಮಾತೊಂದು ಬಂದು ನಿಂತಿತು. ಬಿಳಿ ಮೀಸೆಯ ಕೆಳಗಿನ ತುಟಿ ಅಲುಗಿದ್ದು ಕೂಡ ಕಣ್ಣಿಗೆ ಕಟ್ಟಿತು. 

“ಇನ್ನೂ ಇದೆ. ಹೇಳಿ,” ಎಂದಳು ಲೀನಾ.

“ಇನ್ನೂ ಮೇಲ್ಗಡೇನೇ ಇದೆ ಅಂದರು. ಈ ತಿಂಗಳೊಳಗೆ ತೆಗೆಸಿಬಿಟ್ರೆ ಪ್ರಾಣಕ್ಕೇನೂ ಭಯ ಇಲ್ಲ ಅಂದರು.”

ಇಂಗ್ಲಿಷಿಗೆ ತಿರುಗಿಸಬೇಕಾಗಿ ಬರಲಿಲ್ಲ. ಅಂಗಿಯ ಮೇಲಿದ್ದ ಲೀನಾಳ ಕೈ ಹಾಗೇ ನಿಂತಿತು. ಬಲಸಮುದ್ರ ಕಲಿಸಿದಷ್ಟು ಕನ್ನಡದಲ್ಲಿ, ಪದ ಹುಡುಕಿ ಹುಡುಕಿ, ಅವಳು ಕೇಳಿದಳು.

“ಭಯ ಇಲ್ಲ ಅಂದ್ರಾ? ಇದು ಒಳ್ಳೆ ಸುದ್ದಿ ಅಲ್ವಾ ಗಂಗಕ್ಕ? ಇದು ಯಾಕೆ ಹೇಳಿಲ್ಲ?”

ಹೌದು, ಒಳ್ಳೆ ಸುದ್ದಿಯೇ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದ ಹುಡುಗಿಗೆ ಹೇಳಬಹುದಾಗಿದ್ದ ಸುದ್ದಿ. ಕೆಟ್ಟದ್ದನ್ನು ಬಚ್ಚಿಡಲು ಹೋದವಳು ಡಾಕ್ಟರು ಅದರ ಜೊತೆಯಲ್ಲೇ ಕೊಟ್ಟಿದ್ದ ಪ್ರಾಣವನ್ನೂ ಬಚ್ಚಿಟ್ಟಿದ್ದಳು. ಬಚ್ಚಿಟ್ಟದ್ದು ಇಷ್ಟು ದಿನ ಅವಳಿಗೇ ಗೊತ್ತಿರಲಿಲ್ಲ.